ಶಾಲು ಹೊದಿಸುತ್ತೇವೆ, ಕಿವಿ ಕೊಡುವುದಿಲ್ಲ

ಜುಲೈ ಒಂದನೇ ತಾರೀಖು ಬಂತೆಂದರೆ ಕರ್ನಾಟಕದ ಊರೂರಲ್ಲಿ ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದರ ನೆನಪಿಗೆ. ವೇದಿಕೆಯ ಮೇಲೆ ಶಾಸಕರು, ತಹಶೀಲ್ದಾರರು. ಪ್ರಜಾಪ್ರಭುತ್ವದ ನಾಲ್ಕನೇ ಅಂಗದ ಬಗ್ಗೆ ನಾಲ್ಕು ಮಾತು. ಹಿರಿಯ ಪತ್ರಕರ್ತರೊಬ್ಬರಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಈ ಸಮಾರಂಭಗಳ ವರದಿಗಳನ್ನು ಪುಣೆಯಲ್ಲಿ ಕೂತು ಇ-ಪೇಪರುಗಳಲ್ಲಿ ಓದುವ ಚಟ ನನಗಿದೆ. ಸನ್ಮಾನಿತರು ಎಷ್ಟು ವರ್ಷ ದುಡಿದರು, ಎಷ್ಟು ಪತ್ರಿಕೆ ಬದಲಿಸಿದರು, ಯಾವ ಸಂಘದ ಪದಾಧಿಕಾರಿಯಾಗಿದ್ದರು ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ಅವರು ಬರೆದ ಯಾವ ವರದಿ ಒಳ್ಳೆಯದು, ಅದು ಯಾಕೆ ಒಳ್ಳೆಯದು ಎನ್ನುವ ಒಂದೇ ಒಂದು ಸಾಲು ಇರುವುದಿಲ್ಲ.

ನಾನು ಹೇಳಹೊರಟಿರುವುದು ಇಷ್ಟೇ. ಕನ್ನಡದ ಪತ್ರಿಕೆ, ಬಾನುಲಿ, ಟೀವಿ, ಈಗ ಪಾಡ್‌ಕಾಸ್ಟ್, ಇವುಗಳಲ್ಲಿ ದುಡಿಯುವವರಿಗೆ ನಾವು ಸನ್ಮಾನ ಕೊಡುತ್ತೇವೆ, ವಿಮರ್ಶೆ ಕೊಡುವುದಿಲ್ಲ. ಎರಡೂ ಒಂದೇ ಅಂತ ತಿಳಿದಿದ್ದೇವೆ. ಸನ್ಮಾನ ಸಿಗುವುದು ವಯಸ್ಸಿಗೆ, ಸೇವಾವಧಿಗೆ. ವಿಮರ್ಶೆ ಸಿಗಬೇಕಾದದ್ದು ಕೆಲಸಕ್ಕೆ, ಅದೂ ಕೆಲಸ ಇನ್ನೂ ಬಿಸಿಯಾಗಿರುವಾಗ. ಎರಡನೆಯದು ಇಲ್ಲದ ಕಡೆ ಮೊದಲನೆಯದಕ್ಕೂ ತೂಕ ಇರುವುದಿಲ್ಲ.

ಪ್ರಶಸ್ತಿಗಳಿಗೇನೂ ಬರವಿಲ್ಲ. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ, ‘ಛೂಬಾಣ’ದ ಟಿ.ಎಸ್. ರಾಮಚಂದ್ರರಾಯರ ನೆನಪಿಗೆ ಸರ್ಕಾರ ಟಿಎಸ್ಸಾರ್ ಪ್ರಶಸ್ತಿ ಕೊಡುತ್ತದೆ. ‘ಸಂಯುಕ್ತ ಕರ್ನಾಟಕ’ದ ಮೊಹರೆ ಹಣಮಂತರಾಯರ ಹೆಸರಿನಲ್ಲಿ ಇನ್ನೊಂದು. ಮಾಧ್ಯಮ ಅಕಾಡೆಮಿಯ ಪ್ರಶಸ್ತಿಗಳಿವೆ, ರಾಜ್ಯೋತ್ಸವ ಪಟ್ಟಿಯಲ್ಲಿ ಮಾಧ್ಯಮಕ್ಕೊಂದು ಖಾನೆಯಿದೆ. ರಾಷ್ಟ್ರಮಟ್ಟದಲ್ಲಿ ರಾಮನಾಥ ಗೋಯೆಂಕಾ ಪ್ರಶಸ್ತಿಯಲ್ಲಿ ಪ್ರಾದೇಶಿಕ ಭಾಷೆಗಳಿಗೆಂದು ಒಂದು ವಿಭಾಗವಿದೆ. ಕನ್ನಡ, ತಮಿಳು, ಮಲಯಾಳಂ, ಮರಾಠಿ, ಬಂಗಾಳಿಗಳೆಲ್ಲ ಅದೊಂದೇ ಖಾನೆಯೊಳಗೆ. ಆದರೆ ಟಿಎಸ್ಸಾರ್ ಹೆಸರಿನ ಪ್ರಶಸ್ತಿ ಪಡೆದವರ ಪಟ್ಟಿ ಸಿಕ್ಕಷ್ಟು ಸುಲಭವಾಗಿ, ‘ಛೂಬಾಣ’ದ ಗದ್ಯ ಹೇಗಿತ್ತು, ಅದು ಎಲ್ಲಿ ಚುಚ್ಚುತ್ತಿತ್ತು, ಎಲ್ಲಿ ನಗಿಸುತ್ತಿತ್ತು ಎಂದು ಹೇಳುವ ಒಂದು ಪ್ರಬಂಧ ಸಿಗುವುದಿಲ್ಲ. ಅಂಕಣಕಾರ ಪ್ರಶಸ್ತಿಯ ಹೆಸರಾಗಿ ಉಳಿದರು, ಅಂಕಣ ಮರೆಯಾಯಿತು.

ಇದು ಬರೀ ಮರೆವಲ್ಲ, ನಮ್ಮ ಸಾಹಿತ್ಯದ ಶ್ರೇಣಿ ವ್ಯವಸ್ಥೆಯೂ ಹೌದು. ಪಿ. ಲಂಕೇಶರಿಗೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಂದದ್ದು ‘ಕಲ್ಲು ಕರಗುವ ಸಮಯ’ ಎಂಬ ಕಥಾಸಂಕಲನಕ್ಕೆ. ಅಷ್ಟರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಗಿ ಹದಿಮೂರು ವರ್ಷ ಆಗಿತ್ತು. ವಾರವಾರವೂ ಬರುತ್ತಿದ್ದ ಅವರ ‘ಟೀಕೆ-ಟಿಪ್ಪಣಿ’ ಕನ್ನಡ ಗದ್ಯದ ಉಸಿರಾಟವನ್ನೇ ಬದಲಿಸಿತು ಅಂತ ನನ್ನ ನಂಬಿಕೆ. ಚಿಕ್ಕ ವಾಕ್ಯ, ಜಗಳಕ್ಕೆ ಹೆದರದ ವಿಶೇಷಣ, ಊರಿನ ಮಾತಿನ ಲಯ. ಕಥೆಗಾರ ಲಂಕೇಶರ ಬಗ್ಗೆ ಪಿಎಚ್‌ಡಿಗಳಾದವು, ಸಂಪಾದಕ ಲಂಕೇಶರ ಬಗ್ಗೆ ನೆನಪಿನ ಲೇಖನಗಳಾದವು. ಡಿ.ವಿ.ಜಿ.ಯವರನ್ನೇ ನೋಡಿ. ಪತ್ರಿಕೆ ನಡೆಸಿದರು, ಪತ್ರಿಕಾವೃತ್ತಿಯ ಬಗ್ಗೆ ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ಜನರ ಬಾಯಲ್ಲಿರುವುದು ಕಗ್ಗ, ಅಕಾಡೆಮಿ ಮನ್ನಿಸಿದ್ದು 1967ರಲ್ಲಿ ಗೀತಾ ತಾತ್ಪರ್ಯವನ್ನು.

ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರಲ್ಲಿ ಅದೇ ಪ್ರಶಸ್ತಿ ಬಂತಲ್ಲ, ಅದು ಅಂಕಣ ಬರಹವಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಒಳ್ಳೆಯ ಅಂಕಣಗಳೇ. ಆದರೆ ಅವು ಪುಸ್ತಕವಾಗಿ ಬಂದವು, ಬರೆದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಪತ್ರಿಕೆಯ ಬರಹ ಸಾಹಿತ್ಯದ ಪಂಕ್ತಿಯಲ್ಲಿ ಕೂರಬೇಕಾದರೆ ರಟ್ಟು ಹಾಕಿಸಿಕೊಂಡು ಬರಬೇಕು. ಅಂಕಣಕ್ಕೆ ಆ ಅವಕಾಶ ಇದೆ, ವರದಿಗೆ ಅದೂ ಇಲ್ಲ. ಬಾನುಲಿಯ ಅರ್ಧ ಗಂಟೆಗೆ ರಟ್ಟು ಹಾಕುವುದಾದರೂ ಹೇಗೆ?

ಬಾನುಲಿಯ ಮಾತು ಬಂದದ್ದರಿಂದ ಅಲ್ಲಿಗೇ ಹೋಗೋಣ. ನಮ್ಮವರು ಹೆಮ್ಮೆಯಿಂದ ಹೇಳುವ ಸಂಗತಿ: 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರ ಶುರುಮಾಡಿದರು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಇಡೀ ದೇಶಕ್ಕೆ ಹೋಯಿತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು 1955ರಲ್ಲಿ ಬಂದವು. ಹೆಸರು ಕೊಟ್ಟವರು ನಾವು. ಆದರೆ ಈ ತೊಂಬತ್ತು ವರ್ಷಗಳಲ್ಲಿ ಕನ್ನಡ ಬಾನುಲಿಯ ನಾಟಕ, ರೂಪಕ, ಸಂದರ್ಶನ, ವಾರ್ತೆಗಳನ್ನು ಕಿವಿಗೊಟ್ಟು ಕೇಳಿ ಬರೆದ ವಿಮರ್ಶೆಯನ್ನೆಲ್ಲ ಕೂಡಿಹಾಕಿದರೆ ಒಂದು ಸಣ್ಣ ಕಪಾಟೂ ತುಂಬಲಿಕ್ಕಿಲ್ಲ. ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾಗಿದ್ದ ಎ.ಎಸ್. ಮೂರ್ತಿಯವರನ್ನು ಇವತ್ತು ರಂಗಭೂಮಿಯವರು ‘ಅಭಿನಯ ತರಂಗ’ ಕಟ್ಟಿದವರೆಂದು ನೆನೆಯುತ್ತಾರೆ. ರಂಗಶಾಲೆಗೆ ಕಟ್ಟಡವಿದೆ, ಶಿಷ್ಯರಿದ್ದಾರೆ. ಈರಣ್ಣನ ದನಿಗೆ ಏನಿದೆ? ಕೇಳಿದವರ ನೆನಪು ಮಾತ್ರ, ಅವರಿಗೂ ವಯಸ್ಸಾಯಿತು.

ದೆಹಲಿಯ ಓದುಗರಿಗೆ ಇದು ಇನ್ನೂ ಹತ್ತಿರದ್ದು. ದಶಕಗಳ ಕಾಲ ರಾಷ್ಟ್ರೀಯ ಕನ್ನಡ ವಾರ್ತೆ ಬರುತ್ತಿದ್ದದ್ದು ದೆಹಲಿಯಿಂದ. ಉಪೇಂದ್ರ ರಾವ್ ಅವರ ಹೆಸರನ್ನು ಕರ್ನಾಟಕದ ಹಳ್ಳಿಯ ಹೋಟೆಲುಗಳಲ್ಲಿ ಕಾಫಿ ಕುಡಿಯುವವರೂ ಬಲ್ಲವರಾಗಿದ್ದರು. ಅವರೆಲ್ಲ ನಮ್ಮ ಹಾಗೆಯೇ ಹೊರನಾಡಿಗರು. ಸುತ್ತ ಹಿಂದಿ, ಮುಂದೆ ಇಂಗ್ಲಿಷ್ ಪ್ರತಿ, ಕೈಯಲ್ಲಿ ಕೆಲವೇ ನಿಮಿಷ, ಬಾಯಲ್ಲಿ ಕನ್ನಡ. ಓದಿದವರ ಹೆಸರು ಉಳಿಯಿತು. ಆ ಇಂಗ್ಲಿಷನ್ನು ಅಷ್ಟು ಬೇಗ ಕನ್ನಡ ಮಾಡಿದ ಅನುವಾದದ ಕಸುಬಿನ ಬಗ್ಗೆ ನಾವು ಯೋಚಿಸಲೇ ಇಲ್ಲ.

ಯೋಚಿಸಿದ್ದರೆ ಏನು ಕಾಣುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬಾನುಲಿ, ಟೀವಿ, ಪತ್ರಿಕೆ ಎಲ್ಲ ಕಡೆಯೂ ಈ ಮಾದರಿಯ ವಾಕ್ಯ ಕೇಳಿರುತ್ತೀರಿ: ‘ಬರಪೀಡಿತ ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಪೂರೈಕೆಗೆ ಅಗತ್ಯವಿರುವ ಎಲ್ಲ ಕ್ರಮಗಳನ್ನು ಕೈಗೊಳ್ಳಲಾಗುವುದು ಎಂದು ಕಂದಾಯ ಸಚಿವರು ತಿಳಿಸಿದ್ದಾರೆ.’ ಇದು ನಾನೇ ಕಟ್ಟಿದ ವಾಕ್ಯ, ಅಚ್ಚು ಮಾತ್ರ ಎಲ್ಲರದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಎಂದು’ ಬರುವ ತನಕ ಇದು ನಡೆದ ಸಂಗತಿಯೋ, ಯಾರದೋ ಮಾತೋ ಎಂದು ಕೇಳುಗನಿಗೆ ತಿಳಿಯುವುದಿಲ್ಲ. ಓದುವವನು ಕಣ್ಣನ್ನು ಹಿಂದಕ್ಕೆ ಓಡಿಸಬಹುದು, ಕೇಳುವವನಿಗೆ ಆ ಅನುಕೂಲ ಇಲ್ಲ. ಅಷ್ಟು ಹೊತ್ತು ಸಚಿವರ ಭರವಸೆ ಸರ್ಕಾರದ ಕೆಲಸದಂತೆಯೇ ಕೇಳಿಸುತ್ತದೆ. ‘ಕೈಗೊಳ್ಳಲಾಗುವುದು’ ಎಂಬ ಕರ್ಮಣಿಯೋ, ನೀರು ಕೊಡಬೇಕಾದವರು ಯಾರೆಂಬುದನ್ನೇ ಮುಚ್ಚಿಹಾಕುತ್ತದೆ. ‘ಕಂದಾಯ ಸಚಿವರು ನಿನ್ನೆ ಒಂದು ಭರವಸೆ ಕೊಟ್ಟರು’ ಎಂದು ಮೊದಲು ಹೇಳಿ ಆಮೇಲೆ ಭರವಸೆ ಏನೆಂದು ಹೇಳುವ ವರದಿಗಾರರೂ ಇದ್ದಾರೆ. ಅವರು ವ್ಯಾಕರಣ ಬದಲಿಸಿದ್ದಷ್ಟೇ ಅಲ್ಲ, ಕೇಳುಗನ ಕೈಗೆ ಅನುಮಾನಿಸುವ ಹಕ್ಕನ್ನೂ ಕೊಟ್ಟರು. ಇಂಥ ವಾಕ್ಯ ಬರೆದವರನ್ನು ಗುರುತಿಸಿ ‘ಇದು ಚೆನ್ನಾಗಿದೆ, ಇದಕ್ಕಾಗಿ ಚೆನ್ನಾಗಿದೆ’ ಎಂದವರು ಯಾರು?

ಟೀವಿಯ ವಿಷಯದಲ್ಲಿ ನಾವು ಇನ್ನೂ ಸೋಮಾರಿಗಳು. ‘ಮಳೆ ಸುರಿಯುತ್ತಿರುವಂಥದ್ದು, ಜನ ಪರದಾಡುತ್ತಿರುವಂಥದ್ದು, ಈ ಒಂದು ಸಂದರ್ಭದಲ್ಲಿ ಅಧಿಕಾರಿಗಳು ಏನಿದ್ದಾರೆ...’ ಎಂಬ ಮಾತಿನ ಧಾಟಿಯನ್ನು ಅಣಕಿಸದ ಕನ್ನಡಿಗರ ವಾಟ್ಸಾಪ್ ಗುಂಪು ಇರಲಿಕ್ಕಿಲ್ಲ. ಅಣಕ ಸರಿ, ನಗೋಣ. ಆದರೆ ಅಣಕ ವಿಮರ್ಶೆಯಲ್ಲ. ಆ ‘ಅಂಥದ್ದು’ ಎಲ್ಲಿಂದ ಬಂತು ಎಂದು ಕೇಳುವುದು ವಿಮರ್ಶೆ. ಕ್ಯಾಮೆರಾದ ಮುಂದೆ ನೇರಪ್ರಸಾರದಲ್ಲಿ ನಿಂತ ಹುಡುಗನಿಗೆ ಸ್ಟುಡಿಯೋದಿಂದ ‘ಇನ್ನೂ ಮಾತಾಡು’ ಎಂಬ ಆದೇಶ. ಹೇಳಲು ಹೊಸ ಸಂಗತಿ ಇಲ್ಲ. ಕ್ರಿಯಾಪದ ಬಂದರೆ ವಾಕ್ಯ ಮುಗಿಯುತ್ತದೆ, ವಾಕ್ಯ ಮುಗಿದರೆ ಮಾತು ನಿಲ್ಲುತ್ತದೆ. ಹಾಗಾಗಿ ಮುಗಿಯದ ವಾಕ್ಯವೊಂದನ್ನು ಅವನು ಕಂಡುಹಿಡಿದುಕೊಂಡ. ‘ಅಂಥದ್ದು’ ಎಂಬುದು ಭಾಷೆ ಬಾರದವನ ತಪ್ಪಲ್ಲ. ಸುದ್ದಿಯಿಲ್ಲದೆಯೂ ಪ್ರಸಾರ ನಡೆಸಬೇಕೆನ್ನುವ ವ್ಯವಹಾರ ಅವನ ಬಾಯಿಗೆ ಹಾಕಿದ ವ್ಯಾಕರಣ. ಇಷ್ಟನ್ನು ಅರ್ಥ ಮಾಡಿಕೊಂಡರೆ ನಗು ಎತ್ತ ತಿರುಗಬೇಕು ಎನ್ನುವುದೂ ಗೊತ್ತಾಗುತ್ತದೆ.

ಇನ್ನು ಇಡೀ ಕಟ್ಟಡವನ್ನು ಹೊತ್ತು ನಿಂತಿರುವ ತಾಲ್ಲೂಕು ವರದಿಗಾರ. ಬಹುಪಾಲು ಅವನು ನೌಕರನಲ್ಲ, ಬಿಡಿ ಸುದ್ದಿಗಾರ. ಸುದ್ದಿಗಿಷ್ಟು ಎಂದು ಸಂಭಾವನೆ, ಕೆಲವು ಕಡೆ ತಂದ ಜಾಹೀರಾತಿನ ಮೇಲೆ ಕಮಿಷನ್. ಹೊಟ್ಟೆಪಾಡಿಗೆ ಒಂದು ಜೆರಾಕ್ಸ್ ಅಂಗಡಿಯೋ, ಎಲ್‌ಐಸಿ ಏಜೆನ್ಸಿಯೋ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಕರ್ತನೆಂದು ಗುರುತಿಸಿದ್ದು ಪತ್ರಿಕಾವೃತ್ತಿಯೇ ಮುಖ್ಯ ಕಸುಬಾದವನನ್ನು. ಮಜೀಥಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದಾಗ ಸುದ್ದಿಮನೆಯ ಒಳಗಿದ್ದವರಿಗೇ ಅದನ್ನು ಪಡೆಯುವುದು ಕಷ್ಟವಾಯಿತು. ಹೊಸ್ತಿಲ ಹೊರಗಿದ್ದವನ ಮಾತೇಕೆ? ಆಣೆಕಟ್ಟೆಯ ಬಿರುಕು, ಹಾಸ್ಟೆಲಿನ ಊಟ, ಪಡಿತರದ ಅಕ್ಕಿ, ಇವು ಮೊದಲು ಅವನ ಕೈಯಲ್ಲೇ ಸುದ್ದಿಯಾಗುತ್ತವೆ. ಸುದ್ದಿ ದೊಡ್ಡದಾದರೆ ರಾಜಧಾನಿಯ ವರದಿಗಾರರ ಹೆಸರು ಬೀಳುತ್ತದೆ. ಚಿಕ್ಕದಾಗಿಯೇ ಉಳಿದರೆ ‘ನಮ್ಮ ಪ್ರತಿನಿಧಿಯಿಂದ’.

ಮುಂಬಯಿಯಲ್ಲೂ ಇದರ ಒಂದು ರೂಪವಿದೆ. ಮುಂಬಯಿ ಕನ್ನಡ ಪತ್ರಿಕೋದ್ಯಮ ಸಣ್ಣದೇನಲ್ಲ. ‘ಉದಯವಾಣಿ’ಗೆ ಮುಂಬಯಿ ಆವೃತ್ತಿಯಿದೆ, ‘ಕರ್ನಾಟಕ ಮಲ್ಲ’ ದಿನಪತ್ರಿಕೆಯನ್ನು ಹುಟ್ಟುಹಾಕಿದ್ದು ಪತ್ರಿಕೆ ಮಾರುತ್ತ ಮೇಲೆ ಬಂದ ಮರಾಠಿಗ ಮುರಳೀಧರ ಶಿಂಗೋಟೆ, ಸಂಘಗಳ ‘ಮೊಗವೀರ’, ‘ಅಕ್ಷಯ’, ‘ನೇಸರು’ಗಳಿವೆ. ಇಲ್ಲಿನ ಸಭೆ-ಸಮಾರಂಭದ ವರದಿಗಳದ್ದೇ ಒಂದು ಪ್ರಕಾರ. ದೀಪ ಬೆಳಗಿದವರು, ಪ್ರಾರ್ಥಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ವೇದಿಕೆಯಲ್ಲಿ ಉಪಸ್ಥಿತರಿದ್ದವರು. ಒಂದು ವರದಿಯಲ್ಲಿ ನಾನು ನಲವತ್ತಕ್ಕಿಂತ ಹೆಚ್ಚು ಹೆಸರು ಎಣಿಸಿದ್ದೇನೆ. ವರದಿ ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ಹೆಸರಿನ ಪಟ್ಟಿಯನ್ನು ಹಗುರವಾಗಿ ಕಾಣಬಾರದು. ಪರಊರಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರಿಗೆ ತನ್ನ ಲಿಪಿಯಲ್ಲಿ ತನ್ನ ಹೆಸರು ಅಚ್ಚಾಗುವುದು ಒಂದು ದಾಖಲೆ. ಆದರೆ ಆ ನಲವತ್ತು ಜನರಿಗೆ ಗುರುತು ಕೊಟ್ಟವನಿಗೆ ತನ್ನ ಗದ್ಯದ ಗುರುತು ಯಾರಿಂದ ಸಿಗಬೇಕು? ಅದೇ ಕಾರ್ಯಕ್ರಮದಲ್ಲಿ ಯಾರೋ ಒಬ್ಬರು ಆಡಿದ ಒಂದು ಒಳ್ಳೆಯ ಮಾತನ್ನು ಅವನು ಹಿಡಿದು ತಂದಿದ್ದರೆ, ಅದನ್ನು ಗಮನಿಸಿದವರು ಎಷ್ಟು ಮಂದಿ?

ಇದೆಲ್ಲ ಹಳೆಯ ಮಾಧ್ಯಮಗಳ ಕಥೆ, ಈಗ ಪಾಡ್‌ಕಾಸ್ಟ್ ಬಂದಿದೆಯಲ್ಲ ಎನ್ನುವವರಿದ್ದಾರೆ. ನಿಜಕ್ಕೂ ಇದು ಸಣ್ಣ ಬದಲಾವಣೆಯಲ್ಲ, ಮತ್ತು ಅದರ ಕಾರಣ ಕಾನೂನಿನಲ್ಲಿದೆ. ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲೇ ದನಿ ತೆರೆಯಿತು. ಆದರೆ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೆ. ಅಂದರೆ ದನಿಯಲ್ಲಿ ಪತ್ರಿಕೋದ್ಯಮ ಮಾಡಬೇಕೆಂಬ ಆಸೆಯಿರುವ ಕನ್ನಡದ ಹುಡುಗಿಗೆ ಸರ್ಕಾರಿ ಕೇಂದ್ರ ಬಿಟ್ಟರೆ ಕೆಲಸವೇ ಇರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಪರವಾನಗಿ ಸಿಗದ ಆ ದಿನಗಳಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ತರಂಗ ಬೇಡ, ತಂತಿ ಸಾಕು ಎಂಬ ಆ ಉಪಾಯವೇ ಇವತ್ತು ಪಾಡ್‌ಕಾಸ್ಟ್ ಆಗಿದೆ ಅಂತ ನನಗನಿಸುತ್ತದೆ, ತಂತಿ ಮಾತ್ರ ಉದ್ದವಾಗಿದೆ.

ಹಿಂಜವಡಿಯ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ನಾನು ಆ ಉದ್ದ ತಂತಿಯ ಫಲಾನುಭವಿ. 2018ರಲ್ಲಿ ಶುರುವಾದ ‘ತಲೆ-ಹರಟೆ’ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮುಂಬಯಿಯ ಐವಿಎಂ ಸಂಸ್ಥೆಯ ಜೊತೆಗೂಡಿ ಬಂದ ಕನ್ನಡ ಕಾರ್ಯಕ್ರಮ ಎನ್ನುವುದು ನಮಗೆ ಇನ್ನೊಂದು ನಂಟು. ಅಲ್ಲಿ ಅರ್ಥಶಾಸ್ತ್ರ, ವಿಜ್ಞಾನ, ಇತಿಹಾಸ ಬಲ್ಲವರು ಆಡುಗನ್ನಡದಲ್ಲಿ, ಇಂಗ್ಲಿಷ್ ಬೆರೆಸಿಕೊಂಡು, ಆತುರವಿಲ್ಲದೆ ಮಾತಾಡುತ್ತಾರೆ. ‘ಅಂಥದ್ದು’ ಇಲ್ಲಿ ಕೇಳಿಸುವುದು ಕಡಿಮೆ, ಯಾಕೆಂದರೆ ಮಾತು ತುಂಬಿಸಬೇಕಾದ ಗಡಿಯಾರ ಇಲ್ಲ. ಹಾಗೆಂದು ಎಲ್ಲವೂ ಸರಿಯಿದೆ ಅಂತಲ್ಲ. ಒಟ್ಟಾರೆ ಕನ್ನಡ ಪಾಡ್‌ಕಾಸ್ಟುಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ, ಅವು ಕೋಣೆ ಬಿಟ್ಟು ಹೊರಡುವುದಿಲ್ಲ. ಇಬ್ಬರು ಕೂತು ಮಾತಾಡುತ್ತಾರೆ; ಸಂತೆಯ ಸದ್ದಿಲ್ಲ, ಬಸ್ ನಿಲ್ದಾಣವಿಲ್ಲ, ಒಂದು ಊರಿಗೆ ಹೋಗಿ ಹತ್ತು ಜನರ ದನಿ ತಂದು ಹೊಲಿದ ಕಂತು ಅಪರೂಪ. ಕಾರಣ ಸೋಮಾರಿತನವಲ್ಲ, ಖರ್ಚು. ಇಬ್ಬರ ಹರಟೆಗೆ ಎರಡು ಮೈಕು ಸಾಕು. ಹೊಲಿದ ಕಂತಿಗೆ ಓಡಾಟ, ದಿನಗಟ್ಟಲೆ ಸಂಕಲನ ಬೇಕು. ಆ ದಿನಗಳಿಗೆ ದುಡ್ಡು ಕೊಡುವವರಿಲ್ಲ. ಮಾಡಿದವರನ್ನು ‘ಮಾಡಿದ್ದೀರಿ, ಕೇಳಿದೆವು’ ಎನ್ನುವವರೂ ಇಲ್ಲ. ಇಲ್ಲಿ ಗುರುತಿನ ಅಳತೆ ಸಂಖ್ಯೆಯೊಂದೇ. ಎಷ್ಟು ಜನ ಒತ್ತಿದರು ಎಂದು ಸಂಖ್ಯೆ ಹೇಳುತ್ತದೆ, ಯಾವ ನಿಮಿಷದಲ್ಲಿ ಅತಿಥಿಯ ದನಿ ತಡವರಿಸಿತು, ಸಂದರ್ಶಕ ಆಗ ಸುಮ್ಮನಿದ್ದದ್ದು ಎಷ್ಟು ಸರಿಯಾಗಿತ್ತು ಎಂದು ಹೇಳುವುದಿಲ್ಲ. ಎಷ್ಟೋ ಕಾರ್ಯಕ್ರಮಗಳು ಹತ್ತಿಪ್ಪತ್ತು ಕಂತಿಗೆ ನಿಂತುಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ನಿಂತದ್ದಕ್ಕೆ ಒಂದು ಸಾಲಿನ ಮರಣವಾರ್ತೆಯೂ ಇರುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಹೊಟ್ಟೆಗಿಲ್ಲದವನಿಗೆ ವಿಮರ್ಶೆ ಕಟ್ಟಿಕೊಂಡು ಏನಾಗಬೇಕು? ಮೊದಲು ಸಂಬಳ ಕೊಡಿ. ಒಪ್ಪುತ್ತೇನೆ, ವಿಮರ್ಶೆ ಬಾಡಿಗೆ ಕಟ್ಟುವುದಿಲ್ಲ. ಆದರೆ ಸಂಬಳದ ಪ್ರಶ್ನೆಗೂ ಇದಕ್ಕೂ ನಂಟಿದೆ. ಒಳ್ಳೆಯ ವರದಿಗೂ ಕೆಟ್ಟ ವರದಿಗೂ ವ್ಯತ್ಯಾಸ ಹೇಳುವ ಸಾರ್ವಜನಿಕ ಭಾಷೆಯೇ ಇಲ್ಲದಿದ್ದರೆ, ಮಾಲೀಕನ ಎದುರು ಒಳ್ಳೆಯ ವರದಿಗಾರ ಯಾವ ಬಲದಿಂದ ಕೇಳಬೇಕು? ಜಾಹೀರಾತು ತಂದವನ ಲೆಕ್ಕ ರೂಪಾಯಿಯಲ್ಲಿದೆ, ಟಿಆರ್‌ಪಿ ತಂದವನ ಲೆಕ್ಕ ಅಂಕಿಯಲ್ಲಿದೆ. ಸರಿಯಾದ ವಾಕ್ಯ ಬರೆದವನ ಲೆಕ್ಕ ಯಾರ ಹತ್ತಿರವೂ ಇಲ್ಲ. ನಮ್ಮಲ್ಲಿ ಸಾಫ್ಟ್‌ವೇರಿನವರು ಬಹಳ ಮಂದಿ, ಆದ್ದರಿಂದ ನಮ್ಮ ಕಸುಬಿನ ಮಾತಲ್ಲೇ ಹೇಳುತ್ತೇನೆ. ನಾವು ಬರೆದ ಕೋಡನ್ನು ಇನ್ನೊಬ್ಬರು ಸಾಲುಸಾಲಾಗಿ ಓದಿ ಟಿಪ್ಪಣಿ ಹಾಕದೆ ಮುಂದಕ್ಕೆ ಹೋಗುವುದಿಲ್ಲ. ಕಿರಿಕಿರಿಯಾಗುತ್ತದೆ, ಆದರೆ ನಾವು ಕಲಿತದ್ದು ಅಲ್ಲೇ. ಮೂವತ್ತು ವರ್ಷ ಯಾರೂ ನಮ್ಮ ಕೋಡ್ ಓದದೆ, ನಿವೃತ್ತಿಯ ದಿನ ಪೇಟ ತೊಡಿಸಿದರೆ ಹೇಗಿರುತ್ತದೆ? ಕನ್ನಡದ ವರದಿಗಾರರಿಗೆ ನಾವು ಮಾಡುತ್ತಿರುವುದು ಅದನ್ನೇ.

ತಡವಾದ ಗುರುತಿನ ಅತಿ ಕಠೋರ ಉದಾಹರಣೆ ಗೌರಿ ಲಂಕೇಶ್. ಅವರ ಕನ್ನಡ ಬರಹಗಳನ್ನು ಚಂದನ್ ಗೌಡ ಇಂಗ್ಲಿಷಿನ ಒಂದು ಸಂಪುಟದಲ್ಲಿ ಸೇರಿಸಿ ತಂದದ್ದು 2017ರಲ್ಲಿ, ಅವರ ಕೊಲೆಯಾದ ಮೇಲೆ. ಕರ್ನಾಟಕದ ಆಚೆಗೆ ಅನೇಕರು ಅವರ ವಾಕ್ಯಗಳನ್ನು ಮೊದಲು ಓದಿದ್ದು ಆಗ. ಅದಕ್ಕೂ ಮೊದಲು ಕನ್ನಡದಲ್ಲೇ ಅವರ ಬಗ್ಗೆ ಇದ್ದದ್ದು ಹೆಚ್ಚಾಗಿ ಅಭಿಮಾನ, ಇಲ್ಲವೇ ದ್ವೇಷ. ವಾರದ ಸಂಪಾದಕೀಯವನ್ನು ಗದ್ಯವೆಂದು ಓದಿ ಒಪ್ಪಿದ, ವಾದಿಸಿದ ವಿಮರ್ಶೆ ತೀರ ಕಡಿಮೆ.

ಕನ್ನಡ ವಿಮರ್ಶೆಗೆ ಈ ಕೆಲಸ ಗೊತ್ತಿಲ್ಲವೆಂದಲ್ಲ. ‘ಹರಟೆ’ ಎಂಬುದನ್ನು ಒಂದು ಸಾಹಿತ್ಯ ಪ್ರಕಾರವೆಂದು ಒಪ್ಪಿಕೊಂಡ ಭಾಷೆ ನಮ್ಮದು. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಬಂದಾಗ ಅದನ್ನು ಹೊತ್ತು ಕಳೆಯುವ ಮಾತು ಎಂದು ತಳ್ಳಿಹಾಕಲಿಲ್ಲ. ಅದರ ನಡೆ, ನಗೆ, ಆತ್ಮೀಯತೆಗೆ ಹೆಸರು ಕೊಟ್ಟರು, ಪಠ್ಯದಲ್ಲಿಟ್ಟರು. ಅದೇ ಕಿವಿಯನ್ನು ಇವತ್ತಿನ ದನಿಯ ಹರಟೆಗೆ ಕೊಡುವುದು ಅಸಾಧ್ಯವೇನಲ್ಲ.

ಇದನ್ನು ಬೆಂಗಳೂರಿನವರೇ ಮಾಡಲಿ ಎಂದು ಕಾಯಬೇಕಿಲ್ಲ. ಪುಸ್ತಕ ಪುಣೆಗೆ ಬರಲು ವಾರ ಬೇಕು, ನಾಟಕ ಬರುವುದೇ ಇಲ್ಲ. ಪಾಡ್‌ಕಾಸ್ಟ್, ಇ-ಪೇಪರು ಮಾತ್ರ ಗಾಂಧಿಬಜಾರಿಗೂ ಗೋರೆಗಾಂವಿಗೂ ಒಂದೇ ಕ್ಷಣಕ್ಕೆ ತಲುಪುತ್ತವೆ. ಇನ್ನೊಂದು ಅನುಕೂಲವೂ ಇದೆ: ನಾವು ಯಾವ ಪ್ರಶಸ್ತಿ ಸಮಿತಿಯಲ್ಲೂ ಇಲ್ಲ, ಯಾವ ಪತ್ರಕರ್ತರ ಸಂಘದ ಚುನಾವಣೆಯಲ್ಲೂ ನಮಗೆ ಮತವಿಲ್ಲ. ಈ ಪುಟಗಳಲ್ಲಿ ಪ್ರತಿ ಸಂಚಿಕೆಗೆ ಒಂದು ಕಥಾಸಂಕಲನ, ಒಂದು ಕವನಸಂಕಲನ ವಿಮರ್ಶೆಗೆ ಬರುತ್ತವೆ. ಅವುಗಳ ಜೊತೆಗೆ ಒಂದು ವರದಿಯೋ, ಒಂದು ಬಾನುಲಿ ಸಂದರ್ಶನವೋ, ಪಾಡ್‌ಕಾಸ್ಟಿನ ಒಂದು ಕಂತೋ ಬರಲಿ ಎಂದು ಸಂಪಾದಕರನ್ನು ಕೇಳಿದ್ದೇನೆ. ನಿಯಮ ಎರಡೇ. ಬರೆದವರ, ಮಾತಾಡಿದವರ, ಸಂಕಲನ ಮಾಡಿದವರ ಹೆಸರು ಹುಡುಕಿ ಹಾಕಬೇಕು. ಇಷ್ಟವಾದದ್ದು, ಆಗದ್ದು ಎರಡನ್ನೂ ವಾಕ್ಯವನ್ನೋ ನಿಮಿಷವನ್ನೋ ತೋರಿಸಿ ಹೇಳಬೇಕು. ‘ಉತ್ತಮ ಪ್ರಯತ್ನ, ಶುಭವಾಗಲಿ’ ಎಂದು ಮುಗಿಸುವಂತಿಲ್ಲ.

ಮುಂದಿನ ಸಂಚಿಕೆಗೆ ಮೊದಲನೆಯದನ್ನು ನಾನೇ ಬರೆಯುತ್ತೇನೆ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಪುಟದಲ್ಲಿ ಕಳೆದ ಬೇಸಿಗೆಯಲ್ಲಿ ಬಂದ, ನೀರಿನ ಟ್ಯಾಂಕರಿನ ಬಗೆಗಿನ ಒಂದು ವರದಿ ಅದು. ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಇದೆ. ಬರೆದವರು ಯಾರೆಂದು ಗೊತ್ತುಮಾಡಿಕೊಳ್ಳಲು ಆ ಊರಿಗೆ ಎರಡು ಫೋನ್ ಮಾಡಿದ್ದೇನೆ, ಮೂರನೆಯದನ್ನು ನಾಳೆ ಮಾಡುವುದಿದೆ.